ಪತಿ ಸೆಮಿನರಿಯಲ್ಲಿ, ಸಂಸಾರ ಸಕಲೇಶಪುರದಲ್ಲಿ: ನೌಕರಿ ಬಿಟ್ಟು ಜೊತೆಗೆ ಹೋಗಬೇಕೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಹಶಿಕ್ಷಕಿ. ನಮ್ಮ ಯಜಮಾನರು ಹನ್ನೊಂದು ವರ್ಷ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರ ಮನೆತನ ಕೆಜಿಎಫ್‌ನ ಲೂಥರನ್ ಸಭೆಗೆ (ಚರ್ಚಿಗೆ) ಸೇರಿದ್ದು. ನಾನು ಹುಟ್ಟಿ ಬೆಳೆದದ್ದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯಲ್ಲಿ. ಸಭಾಪಾಲಕರಾಗುವ (ಪಾದ್ರಿಯಾಗುವ) ಕರೆ ತಮಗಿದೆ ಎಂದು ಮದುವೆಯಾದಾಗಿನಿಂದಲೂ ಹೇಳುತ್ತಿದ್ದವರು, ಈ ವರ್ಷ ಕೆಲಸ ಬಿಟ್ಟು, ತಮ್ಮ ಸಭೆಯ ಶಿಫಾರಸಿನ ಮೇಲೆ ಚೆನ್ನೈನ ಗುರುಕುಲ ಲೂಥರನ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರದ ನಾಲ್ಕು ವರ್ಷದ ಪದವಿಯಾದ ಬಿ.ಡಿ.ಗೆ ಸೇರಿದ್ದಾರೆ. ಎಸ್ಟೇಟಿನ ಕ್ವಾರ್ಟರ್ಸ್ ಖಾಲಿ ಮಾಡಿ ನಾವು ಪೇಟೆಯಲ್ಲಿ ಬಾಡಿಗೆ ಮನೆಗೆ ಬಂದಿದ್ದೇವೆ. ಮಗಳು ಐದನೆಯ ತರಗತಿ, ಮಗ ಯುಕೆಜಿ; ಅತ್ತೆಯವರು ನಮ್ಮೊಡನಿದ್ದಾರೆ. ಅಮೆರಿಕದ ಲೂಥರನ್ ಸೆಮಿನರಿಗಳಲ್ಲಿ (ಸಭಾಪಾಲಕರನ್ನು ತಯಾರು ಮಾಡುವ ಕಾಲೇಜುಗಳಲ್ಲಿ) ಹೆಂಡತಿ ಮಕ್ಕಳೆಲ್ಲ ಜೊತೆಗೇ ಹೋಗಿ ಇರುತ್ತಾರೆಂದು ಓದಿದೆ. ನಾನೂ ಕೆಲಸ ಬಿಟ್ಟು ಹೋಗಬೇಕೆ? ಒಂದೊಂದು ದಿನ ಅವರ ಮೇಲೆ ವಿಪರೀತ ಸಿಟ್ಟು ಬರುತ್ತದೆ. "ನಾಳೆ ಅಮ್ಮನವರಾಗುವವಳು ಹೀಗೆ ಮಾತಾಡಬಾರದು" ಎಂದು ಹತ್ತಿರದವರೇ ಬುದ್ಧಿ ಹೇಳುತ್ತಾರೆ (ಸಭಾಪಾಲಕರ ಪತ್ನಿಗೆ ನಮ್ಮಲ್ಲಿ ಅಮ್ಮನವರು ಎನ್ನುತ್ತಾರೆ). ನನ್ನಲ್ಲಿ ವಿಶ್ವಾಸ ಕಡಿಮೆಯೇ?
– ಹೆಸರು ಬೇಡ, ಸಕಲೇಶಪುರ

ಉತ್ತರ: ನೌಕರಿ ಬಿಡಬೇಡಿ. ಇದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಹಣಕಾಸಿನ ಕಾರಣಗಳು ಮಾತ್ರವಲ್ಲ, ನಿಮ್ಮ ಯಜಮಾನರು ಈಗ ಓದಲು ಹೊರಟಿರುವ ಲೂಥರನ್ ಬೋಧನೆಯೊಳಗಿನ ಕಾರಣಗಳೂ ಇವೆ. ಎರಡನೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಲೆಕ್ಕಾಚಾರದ ಚಿಂತೆಗಿಂತ ತಪ್ಪಿತಸ್ಥ ಭಾವವೇ ಹೆಚ್ಚಾಗಿ ಕಾಣುತ್ತದೆ.

1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ಲೂಥರನ್ ಸಭೆಗಳಿಗೆಲ್ಲ ಆಧಾರವಾದ ದಾಖಲೆ. ಕ್ರಮಬದ್ಧವಾಗಿ ಕರೆ ಹೊಂದದ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ಸಂಸ್ಕಾರಗಳನ್ನು ನಡೆಸಿಕೊಡಬಾರದು ಎಂದು ಅದರ 14ನೆಯ ವಿಧಿ ಹೇಳುತ್ತದೆ. ಒಬ್ಬ ವ್ಯಕ್ತಿಗೆ ತನ್ನೊಳಗೆ ಎಷ್ಟೇ ಬಲವಾದ ಪ್ರೇರಣೆ ಇದ್ದರೂ ಅದಷ್ಟರಿಂದಲೇ ಅವನು ಸಭಾಪಾಲಕನಾಗುವುದಿಲ್ಲ. ಅವನನ್ನು ಓದಿಸಿ, ಪರೀಕ್ಷಿಸಿ, ಕೊನೆಗೆ ಸಭೆಯೇ ಕರೆಯಬೇಕು. ಆ ಅರ್ಥದಲ್ಲಿ ನಿಮ್ಮ ಯಜಮಾನರು ಇನ್ನೂ ಸಿದ್ಧತೆಯಲ್ಲಿರುವವರು, ಸಭೆಯ ಕರೆ ಅವರಿಗೆ ಬರಬೇಕಷ್ಟೆ. ಆದರೆ ಗಂಡನಾಗಿ, ಇಬ್ಬರು ಮಕ್ಕಳ ತಂದೆಯಾಗಿ, ವಯಸ್ಸಾದ ತಾಯಿಯ ಮಗನಾಗಿ ಅವರಿಗಿರುವ ಕರೆ ಈಗಾಗಲೇ ಬಂದಾಗಿದೆ, ಅದಕ್ಕೆ ಯಾವ ಪದವಿಯೂ ಬೇಕಿಲ್ಲ. ಲೂಥರನ್ ಸಭೆಗಳ ಮೂಲಪುರುಷ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಕ್ಯಾಟಕಿಸಂ ಎಂಬ ವಿಶ್ವಾಸಬೋಧೆಯ ಪುಸ್ತಕದ ಕೊನೆಯಲ್ಲಿ ಕರ್ತವ್ಯಗಳ ಒಂದು ಪಟ್ಟಿ ಇದೆ. ಸಭಾಪಾಲಕರು, ಅಧಿಕಾರಿಗಳು, ಗಂಡಂದಿರು, ಹೆಂಡಂದಿರು, ತಂದೆತಾಯಿಗಳು, ಮಕ್ಕಳು, ಆಳುಗಳು, ಯಜಮಾನರು, ವಿಧವೆಯರು, ಹೀಗೆ ಪ್ರತಿಯೊಬ್ಬರಿಗೂ ಸಂಬಂಧಿಸಿದ ವಚನಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿಟ್ಟಿರುವ ಈ ಪಟ್ಟಿಯ ಉದ್ದೇಶವೇ, ಪಾದ್ರಿಯ ಕೆಲಸ ಮಾತ್ರ ಪವಿತ್ರ, ಉಳಿದವರದು ಲೌಕಿಕ ಎಂಬ ಆ ಕಾಲದ ಎಣಿಕೆಯನ್ನು ಅಲ್ಲಗಳೆಯುವುದು. ಸಕಲೇಶಪುರದ ಶಾಲೆಯಲ್ಲಿ ನೀವು ಹತ್ತನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುವುದು ಆ ಪಟ್ಟಿಯ ಪ್ರಕಾರ ಗಂಡನ ಕರೆಗೆ ಅಡ್ಡಿಯಾದ ಕೆಲಸವಲ್ಲ. ಅದು ನಿಮ್ಮ ಸ್ವಂತ ಕರೆ. ಇದನ್ನು ನಾನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಗುರುಕುಲದಲ್ಲಿ ನಿಮ್ಮ ಯಜಮಾನರು ಇದನ್ನು ಓದುವ ಸಂದರ್ಭ ಬರಬಹುದು. ಆಗ ಅವರೊಡನೆ ಕುಳಿತು ಚರ್ಚಿಸಿ.

ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವಂತೂ ಇನ್ನೂ ನೇರವಾಗಿದೆ: ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ಪರಾಮರಿಸಿಯಾನು ಎಂದು ಅಲ್ಲಿ ಕೇಳಲಾಗಿದೆ. ಈ ವಚನವನ್ನು ಹೆಂಡತಿಯ ಬಾಯಿ ಮುಚ್ಚಿಸಲು ಬಳಸುವುದನ್ನು ಬಹಳ ಕಡೆ ಕೇಳಿದ್ದೇನೆ. ಅಲ್ಲಿ ಪರೀಕ್ಷೆಗೆ ಗುರಿಯಾಗಿರುವವನು ಗಂಡ ಎಂಬುದನ್ನು ಯಾಕೋ ಎಲ್ಲರೂ ಮರೆಯುತ್ತಾರೆ.

ಆದ್ದರಿಂದ ನಿಮ್ಮ ಸಿಟ್ಟಿನ ಬಗ್ಗೆ. ಅದು ವಿಶ್ವಾಸದ ಕೊರತೆಯಲ್ಲ. ಜೂನ್‌ನಿಂದ ಈಚೆಗೆ ನೀವು ಮನೆ ಬದಲಿಸಿದ್ದೀರಿ, ಎರಡು ಸಂಬಳದ ಸಂಸಾರ ಒಂದೇ ಸಂಬಳಕ್ಕೆ ಬಂದಿದೆ, ಮಳೆಗಾಲದಲ್ಲಿ ಇಬ್ಬರು ಮಕ್ಕಳನ್ನು ಎರಡು ಶಾಲೆಗಳಿಗೆ ಬಿಟ್ಟು ನಿಮ್ಮ ಶಾಲೆಗೆ ಓಡುತ್ತಿದ್ದೀರಿ, ರಾತ್ರಿ ಅತ್ತೆಯವರ ಮಾತ್ರೆಯನ್ನೂ ನೋಡುತ್ತಿದ್ದೀರಿ. ಅದೇ ವೇಳೆಗೆ ನಿಮ್ಮ ಯಜಮಾನರು ಬಹಳ ವರ್ಷಗಳಿಂದ ಬಯಸಿದ್ದನ್ನು ಪಡೆದು, ಗ್ರಂಥಾಲಯದಲ್ಲಿ ಕುಳಿತು ಓದುತ್ತಿದ್ದಾರೆ. ಒಬ್ಬರಿಗೆ ಬಯಸಿದ್ದು ಸಿಕ್ಕಿ ಇನ್ನೊಬ್ಬರಿಗೆ ಅದರ ಖರ್ಚು ಬಿದ್ದಾಗ ಸಿಟ್ಟು ಬರದಿದ್ದರೇ ಆಶ್ಚರ್ಯ. ಕೀರ್ತನೆಗಳ ಪುಸ್ತಕದಲ್ಲಿ ದೇವರ ಮುಂದೆಯೇ ದೂರು ಹೇಳಿದವರು ಎಷ್ಟು ಜನರಿದ್ದಾರೆಂದು ನಿಮಗೆ ಗೊತ್ತು. ಸಿಟ್ಟನ್ನು ಮುಚ್ಚಿಟ್ಟು ಮಕ್ಕಳ ಮೇಲೋ ಅತ್ತೆಯವರ ಮೇಲೋ ತೀರಿಸಿಕೊಳ್ಳುವುದಕ್ಕಿಂತ, ಯಾರ ಮೇಲೆ ಬಂದಿದೆಯೋ ಅವರಿಗೇ ಹೇಳುವುದು ಒಳ್ಳೆಯದು. ಆದರೆ ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಬೇಡ. ಆ ಹೊತ್ತಿನಲ್ಲಿ ಹೇಳಿದ ಮಾತಿಗೆ ಉತ್ತರವಾಗಿ ಬರುವುದು ಪ್ರಾರ್ಥನೆಯ ಭರವಸೆ ಮಾತ್ರ, ಪರಿಹಾರವಲ್ಲ. ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರಕ್ಕೂ ಹೆಚ್ಚು ಕಳೆದರೆ ಅದನ್ನು ಸಿಟ್ಟೆಂದು ತಿಳಿಯದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

"ಅಮ್ಮನವರಾಗುವವಳು" ಎಂಬ ಮಾತಿನ ಬಗ್ಗೆ ಒಂದೆರಡು ವಾಕ್ಯ ಸಾಕು. ಸಭಾಪಾಲಕರ ಪತ್ನಿ ಎಂಬುದು ಸಭೆ ನೇಮಿಸಿದ ಹುದ್ದೆಯಲ್ಲ. ಸಭಾಪಾಲಕರಾಗಿ ದೀಕ್ಷೆ ಕೊಡುವ ದಿನ ಕೈಯಿಡುವುದು ಒಬ್ಬರ ತಲೆಯ ಮೇಲೆ. ಮಹಿಳಾ ಕೂಟ ನಡೆಸಬೇಕೆಂದು, ಭಾನುವಾರ ಶಾಲೆ ನೋಡಿಕೊಳ್ಳಬೇಕೆಂದು, ಬಂದವರಿಗೆಲ್ಲ ಕಾಫಿ ತಿಂಡಿ ಕೊಡಬೇಕೆಂದು ನಿಮ್ಮನ್ನು ಸಂಬಳವಿಲ್ಲದ ಎರಡನೆಯ ಸಭಾಪಾಲಕರಂತೆ ಕಾಣುವವರು ಮುಂದೆಯೂ ಇರುತ್ತಾರೆ. ನಿಮಗೆ ಮನಸ್ಸಿದ್ದದ್ದನ್ನು ಮಾಡಿ, ಇಲ್ಲದ್ದನ್ನು ಬಿಡಿ.

ಇನ್ನು ಅಮೆರಿಕದ ಹೋಲಿಕೆ. ಕೆಜಿಎಫ್‌ನಿಂದ ಬಂದ ಮನೆತನದವರು ಆ ಕಡೆಗೆ ನೋಡುವುದು ಸಹಜ. ಅಮೆರಿಕದ ಮಿಸ್ಸೌರಿ ಸಿನೋಡ್ ಎಂಬ ಲೂಥರನ್ ಸಭಾಸಂಘದ ಮಿಷನರಿಗಳು 1895ರಲ್ಲಿ ಕೃಷ್ಣಗಿರಿಯಲ್ಲಿ ಆರಂಭಿಸಿದ ಕೆಲಸವೇ ಗಣಿ ಕಾರ್ಮಿಕರ ನಡುವೆಯೂ ಹರಡಿತು. ಆ ಸಿನೋಡಿನ ಸೇಂಟ್ ಲೂಯಿಸ್ ಮತ್ತು ಫೋರ್ಟ್ ವೇನ್ ಸೆಮಿನರಿಗಳಲ್ಲಿ ಕುಟುಂಬಸಮೇತ ಹೋಗುವ ವಾಡಿಕೆ ನಿಜ. ಆದರೆ ಅಲ್ಲಿನ ವ್ಯವಸ್ಥೆಯನ್ನು ಪೂರ್ತಿಯಾಗಿ ನೋಡಬೇಕು. ನಾಲ್ಕು ವರ್ಷದ ಓದಿನಲ್ಲಿ ಸಾಮಾನ್ಯವಾಗಿ ಮೂರನೆಯ ವರ್ಷವನ್ನು ವಿಕರೇಜ್ ಎನ್ನುತ್ತಾರೆ. ವಿದ್ಯಾರ್ಥಿ ಒಬ್ಬ ಅನುಭವಿ ಪಾಸ್ಟರ ಕೈಕೆಳಗೆ ಯಾವುದೋ ದೂರದ ರಾಜ್ಯದ ಸಭೆಯಲ್ಲಿ ಇಡೀ ವರ್ಷ ಕೆಲಸ ಮಾಡಬೇಕು. ಸೆಮಿನರಿಗೆಂದು ಒಮ್ಮೆ, ವಿಕರೇಜ್‌ಗೆಂದು ಒಮ್ಮೆ, ಕೊನೆಯ ವರ್ಷಕ್ಕೆ ಮರಳಿ ಒಮ್ಮೆ, ಓದು ಮುಗಿದು ಕರೆ ಬಂದ ಊರಿಗೆ ಮತ್ತೊಮ್ಮೆ ಮನೆ ಸಾಗಿಸುವ ಕುಟುಂಬಗಳಿವೆ. ಯಾವ ಊರಿನ ಸಭೆ ಎಂಬುದು ಕೊನೆಯ ವರ್ಷದ ವಸಂತದಲ್ಲಿ ನಡೆಯುವ ಒಂದು ಆರಾಧನೆಯಲ್ಲಿ, ಹೆಂಡತಿ ಮಕ್ಕಳೆಲ್ಲ ಕುಳಿತಿರುವಾಗ, ಎಲ್ಲರೆದುರು ಓದಿ ಹೇಳಿದಾಗಲೇ ಹಲವರಿಗೆ ತಿಳಿಯುತ್ತದೆ. ಅಲ್ಲಿ ವಿದ್ಯಾರ್ಥಿ ಕುಟುಂಬಗಳಿಗೆ ದಿನಸಿ, ಬಟ್ಟೆ ಒದಗಿಸುವ ಏರ್ಪಾಡುಗಳು ಸೆಮಿನರಿಯಲ್ಲಿಯೇ ಇವೆ. ಹೆಂಡತಿಗೆ ಅದೇ ಭಾಷೆಯಲ್ಲಿ, ಅದೇ ಊರಿನಲ್ಲಿ ಏನಾದರೊಂದು ಕೆಲಸ ಸಿಗುತ್ತದೆ. ಮಕ್ಕಳು ಶಾಲೆ ಬದಲಿಸಿದರೂ ಪಾಠದ ಭಾಷೆ ಬದಲಾಗುವುದಿಲ್ಲ. ಈ ಮೂರೂ ನಿಮಗೆ ಚೆನ್ನೈನಲ್ಲಿ ಸಿಗುವುದು ಕಷ್ಟ.

ಮಗಳ ವಿಷಯವನ್ನೇ ನೋಡಿ. ತಮಿಳುನಾಡಿನಲ್ಲಿ 2006ರ ಕಾಯಿದೆಯ ಪ್ರಕಾರ ಹತ್ತನೆಯ ತರಗತಿಯವರೆಗೆ ಶಾಲೆಗಳಲ್ಲಿ ತಮಿಳು ಕಲಿಕೆ ಕಡ್ಡಾಯ. ಅತ್ತೆಯವರ ಬಾಯಲ್ಲಿ ತಮಿಳು ಕೇಳಿ ಬೆಳೆದಿದ್ದರೂ ಅಕ್ಷರ ಬಾರದ ಮಗುವನ್ನು ಐದನೆಯ ತರಗತಿಯ ಮಧ್ಯದಲ್ಲಿ ಒಯ್ದು, ನಾಲ್ಕು ವರ್ಷದ ನಂತರ ಒಂಬತ್ತನೆಯ ತರಗತಿಗೆ ಮರಳಿ ಕನ್ನಡಕ್ಕೆ ತಂದರೆ, ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಅವಳು ಎರಡೂ ಕಡೆ ಅರ್ಧಂಬರ್ಧವಾಗುವ ಅಪಾಯವಿದೆ. ಪ್ರೌಢಶಾಲೆಯ ಶಿಕ್ಷಕಿಯಾದ ನಿಮಗೆ ನಾನಿದನ್ನು ಬಿಡಿಸಿ ಹೇಳಬೇಕಿಲ್ಲ. ಮಗ ಚಿಕ್ಕವನು, ಅವನಿಗೆ ಶಾಲೆಗಿಂತ ಅಪ್ಪನೇ ಮುಖ್ಯ. ಅವನ ಕಷ್ಟ ಬೇರೆ ಬಗೆಯದು, ಅದಕ್ಕೆ ಮುಂದೆ ಬರುತ್ತೇನೆ.

ಸಂಬಳದ ಮಾತು ಬಂದರೆ, ಸರ್ಕಾರಿ ಶಿಕ್ಷಕಿಯ ಹುದ್ದೆಗೆ ರಾಜೀನಾಮೆ ಕೊಟ್ಟ ಮೇಲೆ ಅದು ಮರಳಿ ಬರುವುದಿಲ್ಲ. ನಮ್ಮ ಕಡೆಯ ಸಭಾಪಾಲಕರ ಸಂಬಳದಲ್ಲಿ ಇಬ್ಬರು ಮಕ್ಕಳನ್ನು ಓದಿಸಿ ಒಂದು ಮನೆ ಕಟ್ಟುವುದು ಹೆಚ್ಚು ಕಡಿಮೆ ಆಗದ ಮಾತು. ಸಭೆ ಕೊಡುವ ಮನೆಯಾದ ಪಾರ್ಸನೇಜಿನಲ್ಲಿ ಇರುವವರೆಗೆ ಬಾಡಿಗೆ ಇಲ್ಲ ಎಂಬುದು ನಿಜ, ನಿವೃತ್ತಿಯ ದಿನ ಆ ಮನೆಯೂ ಇಲ್ಲ ಎಂಬುದೂ ಅಷ್ಟೇ ನಿಜ. ಎಸ್ಟೇಟಿನ ಕ್ವಾರ್ಟರ್ಸ್ ಖಾಲಿ ಮಾಡಿದ ಅನುಭವ ನಿಮಗೆ ಈಗಷ್ಟೇ ಆಗಿದೆ.

ಎಸ್ಟೇಟಿನಿಂದ ಬರಬೇಕಾದದ್ದು ಪೂರ್ತಿ ಬಂದಿದೆಯೇ ನೋಡಿಕೊಳ್ಳಿ. ಐದು ವರ್ಷ ಮೀರಿ ದುಡಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಸಲ್ಲಬೇಕು. ಭವಿಷ್ಯನಿಧಿಗೆ ಸೇರಿದ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದವರಿಗೆ 58ರ ವಯಸ್ಸಿನಿಂದ ಪಿಂಚಣಿಯ ಹಕ್ಕಿದೆ. ನಿಮ್ಮ ಯಜಮಾನರು ಹನ್ನೊಂದು ವರ್ಷ ದುಡಿದಿರುವುದರಿಂದ, ಅಷ್ಟೂ ವರ್ಷ ವಂತಿಗೆ ಕಟ್ಟಲಾಗಿದೆಯೇ ಎಂಬುದನ್ನು ಪರಿಶೀಲಿಸಿ ಆ ಹಕ್ಕಿನ ಕಾಗದವನ್ನು ಜೋಪಾನವಾಗಿಡಿ. ಉಳಿದ ಪಿಎಫ್ ಹಣವನ್ನು ಕಾಲೇಜಿನ ಖರ್ಚಿಗೆಂದು ಬರಿದು ಮಾಡಬೇಡಿ. ಶುಲ್ಕ, ಮೆಸ್, ಪುಸ್ತಕ ಇವುಗಳಲ್ಲಿ ಸಭೆ ಭರಿಸುವುದು ಎಷ್ಟು, ನೀವು ಕೊಡಬೇಕಾದದ್ದು ಎಷ್ಟು, ಸಭೆ ಭರಿಸಿದ್ದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಸೇವೆ ಮಾಡಬೇಕೆಂಬ ಕರಾರು ಇದೆಯೇ, ನಡುವೆ ಓದು ನಿಂತರೆ ಏನು, ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. "ದೇವರು ನೋಡಿಕೊಳ್ಳುತ್ತಾನೆ" ಎಂಬುದು ವಿಶ್ವಾಸದ ಮಾತು. ಆದರೆ ಅದನ್ನು ಹೇಳಿ ಕಾಗದ ಕೊಡದೆ ಇರುವ ಕಮಿಟಿಗಳನ್ನು ನಾನು ನಂಬುವುದಿಲ್ಲ.

ಈ ವಿಷಯದಲ್ಲಿ ಲೂಥರ್ ಅವರ ಮನೆಯ ಕಥೆಯೇ ಪಾಠವಾಗಿದೆ. 1525ರ ಜೂನ್ 13ರಂದು ಅವರು ಕ್ಯಾಥರೀನಾ ಫಾನ್ ಬೋರಾ ಎಂಬ ಮಾಜಿ ಸನ್ಯಾಸಿನಿಯನ್ನು ವಿಟೆನ್‌ಬರ್ಗ್‌ನಲ್ಲಿ ಮದುವೆಯಾದರು. ಗಂಡ ಗ್ರಂಥ ಬರೆಯುತ್ತ, ಪಾಠ ಹೇಳುತ್ತ, ಕೈಗೆ ಬಂದ ಹಣವನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದರೆ, ಹಳೆಯ ಮಠದ ಆ ದೊಡ್ಡ ಕಟ್ಟಡವನ್ನು ವಸತಿಗೃಹವಾಗಿ ನಡೆಸಿ, ವಿದ್ಯಾರ್ಥಿಗಳಿಂದ ಊಟ ವಸತಿಗೆ ಹಣ ಪಡೆದು, ತೋಟ, ದನ, ಹಂದಿ, ಬಿಯರ್ ತಯಾರಿಕೆ ಎಲ್ಲವನ್ನೂ ನೋಡಿಕೊಂಡು, ಆರು ಮಕ್ಕಳನ್ನು ಹೆತ್ತು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡು ಸಂಸಾರ ನಡೆಸಿದವರು ಆಕೆ. ಹೆಂಡತಿಯ ಈ ಆಡಳಿತವನ್ನು ಲೂಥರ್ ತಮಾಷೆಯಾಗಿ, ಆದರೆ ಮೆಚ್ಚುಗೆಯಿಂದ ಪತ್ರಗಳಲ್ಲಿ ಕೊಂಡಾಡಿದ್ದಾರೆ. 1542ರಲ್ಲಿ ಎಲ್ಲವೂ ಆಕೆಗೇ ಸೇರಬೇಕೆಂದು ಉಯಿಲನ್ನೂ ಬರೆದರು. ಆದರೆ ಕಾನೂನಿನ ಕ್ರಮದಂತೆ ಮಾಡಿಸಲಿಲ್ಲ. 1546ರಲ್ಲಿ ಅವರು ತೀರಿಕೊಂಡ ಮೇಲೆ ಆ ಉಯಿಲಿಗೆ ತೊಡಕುಗಳೆದ್ದವು. ಯುದ್ಧ ಬಂದು ಜಮೀನು ಹಾಳಾಯಿತು. 1552ರಲ್ಲಿ ಕ್ಯಾಥರೀನಾ ಕಷ್ಟದಲ್ಲಿಯೇ ಟೋರ್ಗೌ ಪಟ್ಟಣದಲ್ಲಿ ತೀರಿಕೊಂಡರು. ಸಭಾಪಾಲಕರ ಪತ್ನಿಯರ ಮಾದರಿ ಎಂದು ಆಕೆಯ ಹೆಸರನ್ನು ಹೇಳುವವರು ಸಾಮಾನ್ಯವಾಗಿ ಕೊನೆಯ ಆರು ವರ್ಷಗಳನ್ನು ಹೇಳುವುದಿಲ್ಲ. ನಿಮ್ಮ ಯಜಮಾನರ ಪಿಎಫ್, ವಿಮೆ, ಬ್ಯಾಂಕ್ ಖಾತೆಗಳಲ್ಲಿ ನಾಮಿನಿ ಯಾರು ಎಂಬುದನ್ನು ಮುಂದಿನ ರಜೆಯಲ್ಲಿ ಅವರು ಬಂದಾಗ ಒಟ್ಟಿಗೆ ಕುಳಿತು ನೋಡಿ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ತಂದೆಯ ಹೆಸರೇ ಉಳಿದಿರುವುದು ಬಹಳ ಸಾಮಾನ್ಯ.

ನೀವು ಸಕಲೇಶಪುರದಲ್ಲಿಯೇ ಇರುವುದಾದರೆ ದಿನದ ಬಾಳು ಹೇಗೆ? ಗಂಡ ಮನೆಯಲ್ಲಿಲ್ಲದ ತಿಂಗಳುಗಳು ನಿಮಗೆ ಹೊಸದಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ರೈಟರ್ ಬೆಳಿಗ್ಗೆ ಹಾಜರಿ ಕರೆಯುವುದರಿಂದ ಹಿಡಿದು ಸಂಜೆ ಹಣ್ಣಿನ ತೂಕ ಬರೆದು, ಕೂಲಿಯವರ ಹಾಜರಿ ಪುಸ್ತಕವಾದ ಚೆಕ್‌ರೋಲ್ ಮುಗಿಸಿ, ಬಟವಾಡೆಯ ಲೆಕ್ಕ ಕೂಡಿಸಿ ಮನೆ ಸೇರುವಾಗ ಮಕ್ಕಳು ಮಲಗಿರುತ್ತಿದ್ದರು. ಆದರೆ ಆಗ ಅವರು ಮನೆಯಲ್ಲಿ ಮಲಗುತ್ತಿದ್ದರು, ಮಗನಿಗೆ ಜ್ವರ ಬಂದರೆ ಜೀಪು ತರುತ್ತಿದ್ದರು. ಈಗಿನ ವ್ಯತ್ಯಾಸ ಅಲ್ಲಿದೆ. ರಾತ್ರಿ ಹತ್ತಕ್ಕೆ ಏನಾದರೂ ಆದರೆ ಯಾರನ್ನು ಕರೆಯಬೇಕು, ಆಸ್ಪತ್ರೆಗೆ ಯಾರ ಗಾಡಿ, ನೀವು ಆಸ್ಪತ್ರೆಯಲ್ಲಿದ್ದಾಗ ಇನ್ನೊಂದು ಮಗುವಿನ ಬಳಿ ಯಾರು ಎಂಬುದನ್ನು ಈಗಲೇ ಗೊತ್ತು ಮಾಡಿ, ಆ ಮೂವರನ್ನು ಕಂಡು ಮಾತನಾಡಿ ಬನ್ನಿ. ಸಭೆಯವರೇ ಆಗಿರಬೇಕೆಂದಿಲ್ಲ, ಪಕ್ಕದ ಮನೆಯವರು, ಶಾಲೆಯ ಸಹೋದ್ಯೋಗಿ, ಹಾಲಿನ ಅಂಗಡಿಯವರು ಯಾರಾದರೂ ಆಗಬಹುದು.

ಫೋನಿನ ವಿಷಯದಲ್ಲಿ ಒಂದು ಸಲಹೆ. ರಾತ್ರಿ ಒಂಬತ್ತಕ್ಕೆ ದಿನವೂ ವಿಡಿಯೋ ಕರೆ ಎಂದು ನಿಯಮ ಮಾಡಿಕೊಂಡ ಕುಟುಂಬಗಳಲ್ಲಿ ಅದು ಕೆಲವೇ ವಾರಗಳಲ್ಲಿ ಜಗಳದ ಮೂಲವಾಗುವುದನ್ನು ನೋಡಿದ್ದೇನೆ. ನಿಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಗಾಳಿಗೆ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಅಲ್ಲಿ ಅವರಿಗೆ ಮರುದಿನ ಗ್ರೀಕ್ ಪರೀಕ್ಷೆ ಇರುತ್ತದೆ. ವಾರಕ್ಕೆ ಎರಡು ದಿನ ಗಂಡ ಹೆಂಡತಿ ಮಾತ್ರ, ಮಕ್ಕಳು ಮಲಗಿದ ಮೇಲೆ, ಅರ್ಧ ಗಂಟೆ ಮಾತನಾಡಿ. ಅದರಲ್ಲಿ ಒಂದು ದಿನ ಹಣ, ಶಾಲೆ, ಔಷಧದ ಮಾತು ಬೇಡ. ಉಳಿದ ದಿನ ಮಕ್ಕಳಿಗಾಗಿ ಧ್ವನಿ ಸಂದೇಶ ಸಾಕು. ಯುಕೆಜಿಯ ಮಗುವಿಗೆ ಪರದೆಯ ಮೇಲಿನ ಮುಖದೊಡನೆ ಹತ್ತು ನಿಮಿಷ ಕುಳಿತುಕೊಳ್ಳುವ ತಾಳ್ಮೆ ಇರುವುದಿಲ್ಲ, ಅವನು ಎದ್ದು ಓಡಿದ್ದಕ್ಕೆ ಅಪ್ಪ ನೊಂದುಕೊಳ್ಳುತ್ತಾರೆ. ಅದರ ಬದಲು ಅಪ್ಪ ರಾತ್ರಿ ಮಲಗುವ ಮುನ್ನ ಒಂದು ಬೈಬಲ್ ಕಥೆಯನ್ನೋ ಚೆನ್ನೈನ ಬೀದಿಯಲ್ಲಿ ಕಂಡ ಯಾವುದೋ ಸಂಗತಿಯನ್ನೋ ಎರಡು ನಿಮಿಷದಲ್ಲಿ ಹೇಳಿ ಕಳುಹಿಸಿದರೆ, ಮಗ ಅದನ್ನು ಮರುದಿನವೂ ಹಾಕಿಸಿಕೊಂಡು ಕೇಳುತ್ತಾನೆ. ಅಪ್ಪ ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ "ಬೇಗ" ಎನ್ನಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ದಿನವನ್ನು ಕೆಂಪು ಬಣ್ಣದಲ್ಲಿ ಬರೆದು, ದಿನವೂ ಒಂದು ಚೌಕ ಹೊಡೆಯಲು ಅವನ ಕೈಗೇ ಪೆನ್ಸಿಲ್ ಕೊಡಿ.

ಮಗಳನ್ನು ಗಮನಿಸಿ. ಹತ್ತು ವರ್ಷದ ಹೆಣ್ಣುಮಕ್ಕಳು ಇಂಥ ಹೊತ್ತಿನಲ್ಲಿ ತಾವೇ ಎರಡನೆಯ ತಾಯಿಯಾಗಿಬಿಡುತ್ತಾರೆ. ತಮ್ಮನಿಗೆ ಊಟ ಕೊಡುತ್ತಾರೆ, ಅಜ್ಜಿಯ ಮಾತು ಕೇಳುತ್ತಾರೆ, ಅಮ್ಮನಿಗೆ ತೊಂದರೆ ಕೊಡಬಾರದೆಂದು ತಮ್ಮ ಕಷ್ಟವನ್ನು ಹೇಳುವುದೇ ಇಲ್ಲ. ಎಲ್ಲರೂ ಹೊಗಳುತ್ತಾರೆ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ಒಂದು ಗಂಟೆಯಾದರೂ ಅವಳೊಬ್ಬಳನ್ನೇ ಹೊರಗೆ ಕರೆದುಕೊಂಡು ಹೋಗಿ.

ಅತ್ತೆಯವರಿಗೆ ಮಗನ ಓದು ಹೆಮ್ಮೆಯೂ ಹೌದು, ಒಂಟಿತನವೂ ಹೌದು. ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಹೊರಟ ತಲೆಮಾರಿನವರಿಗೆ ನೆಲೆ ತಪ್ಪುವ ಭಯ ಒಳಗೇ ಇರುತ್ತದೆ; ಕ್ವಾರ್ಟರ್ಸ್ ಬಿಟ್ಟದ್ದು ಅವರಿಗೆ ನಿಮಗಿಂತ ಹೆಚ್ಚು ನೋವು ಕೊಟ್ಟಿರಬಹುದು. ಮಗನ ಫೋನು ಅವರಿಗೂ ಬೇರೆಯಾಗಿ ಬರಲಿ, ನಿಮ್ಮ ಫೋನಿನಲ್ಲಿ ಕೊನೆಯ ಒಂದು ನಿಮಿಷ ಎಂದಾಗಬಾರದು.

ಎರಡು ಸಭೆಗಳ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ರೂಪುಗೊಂಡಾಗ ಲೂಥರನ್ ಸಭೆಗಳು ಅದರಲ್ಲಿ ಸೇರಲಿಲ್ಲ. ಇಬ್ಬರಲ್ಲಿಯೂ ಶಿಶುಗಳಿಗೆ ದೀಕ್ಷಾಸ್ನಾನವಿದೆ, ಆರಾಧನಾ ಕ್ರಮದಲ್ಲಿಯೂ ಪರಿಚಿತವಾದದ್ದು ಬಹಳವಿದೆ. ಆದರೆ ಕರ್ತನ ಭೋಜನದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದೊಂದಿಗೆ ಕ್ರಿಸ್ತನ ದೇಹ ಮತ್ತು ರಕ್ತವೇ ನಿಜವಾಗಿ ಕೊಡಲ್ಪಡುತ್ತದೆ ಎಂಬುದನ್ನು ಲೂಥರನ್ನರು ಬಿಗಿಯಾಗಿ ಹಿಡಿಯುತ್ತಾರೆ. ಈಗ ಸಕಲೇಶಪುರದಲ್ಲಿ ನೀವು ಮಕ್ಕಳೊಡನೆ ಹೋಗುತ್ತಿರುವ ಸಿಎಸ್‌ಐ ಸಭೆಗೇ ಹೋಗಿ. ಈ ವರ್ಷಗಳಲ್ಲಿ ನಿಮಗೆ ಬೇಕಾದದ್ದು ಪ್ರತಿ ಭಾನುವಾರ ಹೆಸರು ಹಿಡಿದು ಮಾತನಾಡಿಸುವ ಜನ. ಮಗಳ ದೃಢೀಕರಣ (ಬೆಳೆದ ಮಕ್ಕಳು ತಮ್ಮ ವಿಶ್ವಾಸವನ್ನು ತಾವೇ ಒಪ್ಪಿ ಹೇಳುವ ಕ್ರಮ) ಯಾವ ಸಭೆಯಲ್ಲಿ ಎಂಬುದನ್ನು ನಿಮ್ಮ ಯಜಮಾನರ ಓದು ಮುಗಿಯುವ ಹೊತ್ತಿಗೆ ತೀರ್ಮಾನಿಸಿದರೆ ಸಾಕು.

ಇನ್ನೊಂದು ಸಂಗತಿಯನ್ನು ಸೆಮಿನರಿಗೆ ಸೇರುವಾಗ ಯಾರೂ ಹೆಂಡತಿಯರಿಗೆ ಹೇಳುವುದಿಲ್ಲ. ಗುರುಕುಲದ ಬಿ.ಡಿ. ದೇವಶಾಸ್ತ್ರದ ಪದವಿಗಳನ್ನು ಕೊಡುವ ಸೆರಾಂಪುರ ಸೆನೆಟ್‌ಗೆ ಸೇರಿದ ಪದವಿ. ಅಲ್ಲಿ ಬೈಬಲನ್ನು ಭಕ್ತಿಯಿಂದ ಮಾತ್ರವಲ್ಲ, ಇತಿಹಾಸದ ಕಣ್ಣಿನಿಂದಲೂ ಓದಿಸುತ್ತಾರೆ. ಯಾವ ಪುಸ್ತಕವನ್ನು ಯಾರು ಬರೆದರು, ಯಾವ ಕಾಲದಲ್ಲಿ, ಯಾವ ಪರಿಸ್ಥಿತಿಯಲ್ಲಿ ಎಂದೆಲ್ಲ ಕೇಳುವ ಈ ಓದು ಮೊದಲ ವರ್ಷದಲ್ಲಿ ಹಲವು ವಿದ್ಯಾರ್ಥಿಗಳನ್ನು ಅಲುಗಾಡಿಸುತ್ತದೆ. ದಲಿತರ, ಸ್ತ್ರೀಯರ, ಇತರ ಧರ್ಮಗಳವರ ಪ್ರಶ್ನೆಗಳೂ ಅಲ್ಲಿ ಪಾಠದ ಭಾಗ. ರಜೆಯಲ್ಲಿ ಮನೆಗೆ ಬಂದ ನಿಮ್ಮ ಯಜಮಾನರು ಕುಟುಂಬ ಪ್ರಾರ್ಥನೆಯಲ್ಲಿ ಮೊದಲಿನಂತೆ ಮಾತನಾಡದೆ ಇರಬಹುದು, ಅಥವಾ ನಿಮಗೆ ಅರ್ಥವಾಗದ ಪದಗಳನ್ನು ಧಾರಾಳವಾಗಿ ಬಳಸಬಹುದು. ವಿಶ್ವಾಸ ಕಳೆದುಕೊಂಡರೆಂದು ಗಾಬರಿಯಾಗಬೇಡಿ. ಓದಿದ್ದನ್ನು ನಿಮಗೆ ಕನ್ನಡದಲ್ಲಿ, ನಿಮ್ಮ ಶಾಲೆಯ ಮಕ್ಕಳಿಗೂ ತಿಳಿಯುವಂತೆ ಹೇಳಲು ಕೇಳಿ. ಹೇಳಲು ಆಗದಿದ್ದರೆ ಅವರಿಗೂ ಇನ್ನೂ ಅರ್ಥವಾಗಿಲ್ಲ ಎಂದು ತಿಳಿಯಿರಿ. ವರ್ಷಗಟ್ಟಲೆ ಚೆಕ್‌ರೋಲ್ ಬರೆದ ಕೈ ಈಗ ಇಂಗ್ಲಿಷಿನಲ್ಲಿ ದೀರ್ಘ ಪ್ರಬಂಧ ಬರೆಯುತ್ತಿದೆ, ತಮಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರ ಜೊತೆ ಪರೀಕ್ಷೆ ಬರೆಯುತ್ತಿದೆ. ಅವರಿಗೂ ಒಳಗೆ ಅಳುಕಿದೆ, ಅದನ್ನು ಅವರು ನಿಮ್ಮಿಂದ ಮರೆಮಾಚುತ್ತಿರುವ ಸಾಧ್ಯತೆಯೂ ಇದೆ.

ಮುಂದಿನದು ನೇಮಕದ ಪ್ರಶ್ನೆ. ನಿಮ್ಮ ಯಜಮಾನರ ಸಭೆಯ ಕೆಲಸವಿರುವುದು ಹೆಚ್ಚಾಗಿ ಕೆಜಿಎಫ್, ಬೆಂಗಳೂರು ಮತ್ತು ತಮಿಳುನಾಡಿನ ಕಡೆ. ಶಿಕ್ಷಕರ ವರ್ಗಾವಣೆಯಲ್ಲಿ ಪತಿ ಪತ್ನಿ ಪ್ರಕರಣದ ಅನುಕೂಲ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ನೌಕರ ದಂಪತಿಗೆ ಮೀಸಲಾದದ್ದು. ಚರ್ಚಿನ ಸೇವೆ ಅದರಲ್ಲಿ ಬರುವುದಿಲ್ಲ. ಹಾಸನ ಜಿಲ್ಲೆ ಮೈಸೂರು ವಿಭಾಗದಲ್ಲಿದೆ, ಕೋಲಾರ ಬೆಂಗಳೂರು ವಿಭಾಗದಲ್ಲಿದೆ. ನೀವು ಕೆಜಿಎಫ್ ಕಡೆ ಹೋಗಬೇಕಾ‌ದರೆ ಅಂತರ ವಿಭಾಗ ವರ್ಗಾವಣೆಯೇ ಆಗಬೇಕು, ಅದರಲ್ಲಿ ಸೇವಾ ಜ್ಯೇಷ್ಠತೆಯ ನಷ್ಟವಿದೆ. ಇದಕ್ಕೆಲ್ಲ ಸಮಯ ಹಿಡಿಯುವುದರಿಂದ ಮೂರನೆಯ ವರ್ಷ ಮುಗಿಯುವುದರೊಳಗೆ ನಿಮ್ಮ ಯಜಮಾನರು ತಮ್ಮ ಸಭೆಯ ಹಿರಿಯರೊಡನೆ ಕುಳಿತು, ಹೆಂಡತಿಗೆ ಕರ್ನಾಟಕದಲ್ಲಿ ಸರ್ಕಾರಿ ನೌಕರಿ ಇದೆ, ನೇಮಕದಲ್ಲಿ ಅದನ್ನು ಪರಿಗಣಿಸಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಲು ಸಂಕೋಚಪಡುವವರಾದರೆ ನೀವೂ ಜೊತೆಗೆ ಹೋಗಿ. ಪದವಿ ಮುಗಿದ ಕೂಡಲೇ ದೀಕ್ಷೆ ಎಂಬ ಎಣಿಕೆಯೂ ಬೇಡ. ಅದಕ್ಕೆ ಮೊದಲು ಸಭೆಗಳಲ್ಲಿ ಕೆಲಸ ಮಾಡಿಸಿ ನೋಡುವ ಅವಧಿ ಇರುತ್ತದೆ, ಅದರ ಉದ್ದ ಎಷ್ಟೆಂದು ಈಗಲೇ ಕೇಳಿ ತಿಳಿಯಿರಿ, ಏಕೆಂದರೆ ಆ ಕಾಲವೂ ನಿಮ್ಮ ಸಂಬಳದ ಮೇಲೆಯೇ ನಡೆಯಬೇಕಾಗಬಹುದು.

ಜೊತೆಗಿರುವ ಆಸೆ ಅಷ್ಟಕ್ಕೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 18 ವರ್ಷದೊಳಗಿನ ಮಕ್ಕಳ ಆರೈಕೆಗೆ ಸೇವಾವಧಿಯಲ್ಲಿ ಒಟ್ಟು 180 ದಿನಗಳ ಶಿಶುಪಾಲನಾ ರಜೆ ಇದೆ. ಈಗಲೇ ಅದನ್ನು ಖರ್ಚು ಮಾಡಬೇಡಿ. ಮಗ ಚಿಕ್ಕ ತರಗತಿಯಲ್ಲಿರುವಾಗ, ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ, ಬೇಸಿಗೆ ರಜೆಗೆ ಸೇರಿಸಿ ಒಂದೆರಡು ತಿಂಗಳು ಚೆನ್ನೈನಲ್ಲಿ ಎಲ್ಲರೂ ಒಟ್ಟಿಗಿರಲು ಅದರ ಒಂದು ಭಾಗ ಸಾಕಾಗುತ್ತದೆ. ವಿವಾಹಿತ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಮನೆ ಸಿಗುತ್ತದೆಯೇ, ಅದಕ್ಕೆ ಹೆಸರು ಬರೆಸುವುದು ಯಾವಾಗ ಎಂಬುದನ್ನು ನಿಮ್ಮ ಯಜಮಾನರು ಈ ಸೆಮಿಸ್ಟರಿನಲ್ಲಿಯೇ ಕಚೇರಿಯಲ್ಲಿ ವಿಚಾರಿಸಲಿ. ಕ್ರಿಸ್‌ಮಸ್‌ಗೆ ನಿಮ್ಮ ಶಾಲೆಗೆ ಒಂದೇ ದಿನ ರಜೆ, ಅವರಿಗೆ ಹೆಚ್ಚು. ಆಗ ಅವರು ಬರಲಿ. ದಸರಾ ರಜೆ ನಿಮಗೆ ಉದ್ದ, ಅವರಿಗೆ ಓದಿನ ನಡುಗಾಲ. ಆಗ ನೀವು ಮಕ್ಕಳನ್ನು ಕರೆದುಕೊಂಡು ಹೋಗಿ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ರೈಲಿದೆ. ದಸರಾ ಹೊತ್ತಿಗೆ ಟಿಕೆಟ್ ಸಿಗುವುದು ಕಷ್ಟವಾದ್ದರಿಂದ ಮುಂಗಡ ಕಾಯ್ದಿರಿಸುವಿಕೆ ತೆರೆದ ದಿನವೇ ಮಾಡಿಸಿ. ಆ ವಾರದಲ್ಲಿ ಅವರು ಕುಳಿತು ಓದುವ ಮೇಜು, ಊಟ ಮಾಡುವ ಮೆಸ್, ಭಾನುವಾರ ಕೆಲಸಕ್ಕೆ ಹೋಗುವ ಸಭೆ ಇಷ್ಟನ್ನು ಮಕ್ಕಳಿಗೆ ತೋರಿಸಲಿ. ಆ ಭಾನುವಾರ ಸಂಜೆ ಮಕ್ಕಳನ್ನು ಅವರ ಬಳಿ ಬಿಟ್ಟು ನೀವೊಬ್ಬರೇ ಎರಡು ಗಂಟೆ ಮರೀನಾಕ್ಕೆ ಹೋಗಿ ಬನ್ನಿ.